ಚಳಿಯಿಲ್ಲದ ಊರಿಗೆ ಮನಸೋತದ್ದು

ದಕ್ಕದ್ದರ ಮೇಲೆ ಮನಸ್ಸಿಡುವುದು ನಮ್ಮ ಮನೆತನಕ್ಕೆ ಅಂಟಿದ ರೋಗ. ಇಂಥ ಫಜೀತಿಗಳು ನಮಗೆ ಆಗುತ್ತಲೇ ಇರುತ್ತವೆ. ಹಿರೇಹಡಗಲಿ ಹತ್ತಿರ ಕುರಿ ಸಾಕಿ ಕಂಬಳಿ ನೇಯುವ ನಾನು, ಐವತ್ತು ದಾಟಿದ ಮೇಲೆ ಕೊಚ್ಚಿ ಎಂಬ ಊರಿಗೆ ಮನಸೋತೆ.

ಲಾರಿಯಲ್ಲಿ

ನಮ್ಮ ಸಂತೆಗಳಲ್ಲಿ ಕಂಬಳಿ ಕೇಳುವವರಿಲ್ಲದಂತಾಗಿತ್ತು. ದೂರದಲ್ಲಾದರೂ ಮಾರೋಣವೆಂದು ಒಂದು ಹೊರೆ ಕಟ್ಟಿಕೊಂಡು, ಕೊಟ್ಟೂರಿನಿಂದ ಉಳ್ಳಾಗಡ್ಡಿ ಒಯ್ಯುವ ಲಾರಿ ಹತ್ತಿದೆ. ಡ್ರೈವರ್ ನಮ್ಮೂರವನೇ. ಕೊಚ್ಚಿ ಹತ್ತಿರವಾದಂತೆ ಬೆವರಿಗೆ ಅಂಗಿ ಮೈಗೆ ಅಂಟಿತು.

"ಇಲ್ಲಿ ಚಳಿಗಾಲ ಯಾವಾಗಪ್ಪಾ?" ಅಂದೆ.

"ಹದಿನೈದು ವರ್ಷದಿಂದ ಬರಾಕ ಹತ್ತೀನಿ ಕಾಕಾ, ನಾನಂತೂ ಒಮ್ಮಿನೂ ಕಂಡಿಲ್ಲ."

"ಮತ್ತ ಮೊದ್ಲ ಹೇಳಬಾರದೇನೋ?"

"ಹೇಳಿದ್ರ ನೀವು ಬರ್ತಿದ್ದಿಲ್ಲ. ದಾರ್ಯಾಗ ಮಾತಾಡಾಕ ಒಬ್ಬರು ಬೇಕಾಗಿತ್ರಿ."

ದೋಣಿಯಲ್ಲಿ

ನಮ್ಮಲ್ಲಿ ನೀರು ಕಂಡರೆ ಜನ ಕೊಡ ಹಿಡಿದು ಓಡುತ್ತಾರೆ. ಅಲ್ಲಿ ಜನ ನೀರಿನ ಮೇಲೇ ಆಫೀಸಿಗೆ ಹೋಗುತ್ತಾರೆ. ದೋಣಿಯಲ್ಲಿ ಕೂತು ಪೇಪರ್ ಓದುತ್ತಾರೆ, ತಲೆ ಎತ್ತಿ ನೀರನ್ನು ನೋಡುವುದೂ ಇಲ್ಲ. ನಾನು ಅವರ ಪಾಲಿನದನ್ನೂ ಸೇರಿಸಿ ನೋಡಿದೆ. ತೆಂಗಿನ ಸಾಲು, ಬಾಗಿ ಬಾಗಿ ಏಳುವ ದೊಡ್ಡ ಬಲೆಗಳು, ಮನೆಗಿಂತ ಎತ್ತರದ ಹಡಗು. ಇಷ್ಟು ವರ್ಷ ಎಲ್ಲಿದ್ದೆನೋ ಅನ್ನಿಸಿತು. ಕಂಬಳಿ ಹೊರೆ ಹೊತ್ತು ಇಡೀ ದಿನ ಆ ದಡಕ್ಕೂ ಈ ದಡಕ್ಕೂ ತಿರುಗಿದೆ.

ಸಂಜೆ ಟಿಕೆಟ್ ಕೊಡುವವನು ಹಿಂದಿಯಲ್ಲಿ, ಏನಾದರೂ ಕಳೆದುಕೊಂಡಿರೇನು ಎಂದು ಕೇಳಿದ. ಹೌದು ಎಂದೆ. ಪಾಪ, ಅವನು ಬಗ್ಗಿ ಸೀಟುಗಳ ಕೆಳಗೆಲ್ಲ ಹುಡುಕಿದ.

ಮನೆಯಲ್ಲಿ

ಹೊರಡುವ ದಿನ ದೋಣಿಕಟ್ಟೆಯ ಮೀನಿನಾಕೆ ಒಂದು ಕಂಬಳಿ ಕೊಂಡಳು. ಊರು ನನ್ನನ್ನು ಒಪ್ಪಿಕೊಂಡಿತೆಂದೇ ತಿಳಿದೆ. ಮನೆಗೆ ಬಂದು, ಅಲ್ಲೇ ಹೋಗಿ ಇರೋಣ ಎಂದು ಹೆಂಡತಿಗೆ ಹೇಳಿದೆ.

"ಎಲ್ಲಿ ನೋಡಿದ್ರೂ ನೀರು ಐತಿ," ಅಂದೆ.

"ಕುಡ್ಯಾಕ ಬರ್ತಾವೇನ್ರಿ?"

"ಇಲ್ಲ, ಉಪ್ಪು."

"ಕುರಿನಾದ್ರೂ ಕುಡೀತಾವೇನು?"

"ಇಲ್ಲ."

"ಮತ್ತ ಯಾತಕ್ಕ ಅದಾವ್ರಿ?"

"ನೋಡಾಕ," ಅಂದೆ. ಔಷಧಿ ಕುಡಿಸಬೇಕಾದ ಟಗರನ್ನು ನೋಡುವಂತೆ ನನ್ನನ್ನು ನೋಡಿದಳು.

ಮತ್ತೆ ದೋಣಿಕಟ್ಟೆಯಲ್ಲಿ

ಮಗ್ಗದ ಮುಂದೆ ಕೂತರೆ ಕೈ ಓಡುತ್ತಿರಲಿಲ್ಲ. ಅನ್ನ ರುಚಿಸುತ್ತಿರಲಿಲ್ಲ. ಎರಡು ತಿಂಗಳಿಗೆ ಮತ್ತೆ ಅದೇ ಲಾರಿ ಹತ್ತಿದೆ, ಒಂದು ಖೋಲಿ ಹಿಡಿದು ಉಳಿದೇಬಿಡಬೇಕೆಂದು. ಮೀನಿನಾಕೆ ಹಿಂದೆ ಮಂಗಳೂರಿನಲ್ಲಿದ್ದವಳು, ಕನ್ನಡ ಬರುತ್ತಿತ್ತು. ಕಂಬಳಿ ಹೇಗಿದೆಯೆಂದು ಕೇಳಿದೆ. ಆಕೆ ಮೀನಿನ ಪೆಟ್ಟಿಗೆ ತೋರಿಸಿದಳು. ಮದುವೆಯಲ್ಲಿ ನಾವು ಮದುಮಕ್ಕಳಿಗೆ ಗದ್ದುಗೆಯಾಗಿ ಹಾಸುವಂಥ ಕಂಬಳಿ, ಅದನ್ನು ಅಲ್ಲಿ ಮೀನು ಹೊದ್ದು ಮಲಗಿತ್ತು.

"ಇದು ಹಾಕಿದರೆ ಐಸು ಸಂಜೆ ತನಕ ಕರಗುವುದಿಲ್ಲ ಮಾರಾಯ್ರೆ," ಅಂದಳು.

ಎದೆ ಒಡೆಯಿತು. ಆದರೂ ನುಂಗಿಕೊಂಡೆ. ಮೀನಿಗಾದರೂ ಆಗಲಿ, ಈ ಊರಲ್ಲಿ ಉಳಿದರೆ ಸಾಕಾಗಿತ್ತು.

"ಹಂಗಾರ ಇನ್ನೊಂದೆರಡು ತಗೊಳ್ರಿ. ಹಳೇದು ಹರಿದ್ರ ಹೊಸದು ನೇಯ್ದು ಕೊಡ್ತೀನಿ. ಇಲ್ಲೇ ಇರ್ತೀನಿ."

ಆಕೆ ಪೆಟ್ಟಿಗೆಯ ಕಂಬಳಿಯನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗಿ ನೋಡಿದಳು.

"ಎಂಥ ಗಟ್ಟಿ ಉಂಟು ಮಾರಾಯ್ರೆ. ಇನ್ನು ಹತ್ತು ವರ್ಷ ನೀವು ಬರುವುದೇ ಬೇಡ."

ಇಷ್ಟು ವರ್ಷ ನೇಯ್ದಿದ್ದೇನೆ, ನನ್ನ ಕೆಲಸವನ್ನು ಇಷ್ಟು ಬಾಯ್ತುಂಬ ಹೊಗಳಿದವರು ಬೇರೆ ಯಾರೂ ಇಲ್ಲ.