ಅತ್ತೆ ರೊಟ್ಟಿ, ಸೊಸೆ ರೊಟ್ಟಿ ಮತ್ತು ಟಿ ಟೆಸ್ಟು

ಶಿರಸಿಯ ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತಿದ್ದ ಪರಮೇಶ್ವರಪ್ಪ, ತನ್ನ ಮನೆಯ ಅತ್ತೆ-ಸೊಸೆ ಜಗಳವನ್ನು ಒಂದೇ ಭಾನುವಾರದಲ್ಲಿ, ಒಂದು ಹನಿ ಕಣ್ಣೀರೂ ಬೀಳದಂತೆ ಮುಗಿಸಿಬಿಡುತ್ತೇನೆಂದು ಸ್ಟಾಫ್ ರೂಮಿನಲ್ಲಿ ಘೋಷಿಸಿದ. ಇಡೀ ದೇಶದ ಪಂಚವಾರ್ಷಿಕ ಯೋಜನೆಗೆ ಲೆಕ್ಕ ಹಾಕಿಕೊಟ್ಟ ಶಾಸ್ತ್ರಕ್ಕೆ ಇಬ್ಬರು ಹೆಂಗಸರ ರೊಟ್ಟಿ ಯಾವ ಲೆಕ್ಕ ಎಂಬುದು ಅವನ ವಾದ.

ಜಗಳ ರೊಟ್ಟಿಯದೇ. ತಾಯಿ ಮುರಿಗೆವ್ವ ಬನವಾಸಿಯವಳು, ಹೆಂಡತಿ ಗೌರಕ್ಕ ಹಾವೇರಿ ಕಡೆಯವಳು. ಜೋಳದ ರೊಟ್ಟಿಯನ್ನು ತೆಳ್ಳಗೆ ಬಡಿಯುವುದರಲ್ಲಿ ತನ್ನನ್ನು ಮೀರಿಸುವವರಿಲ್ಲವೆಂದು ಇಬ್ಬರಿಗೂ ನಂಬಿಕೆ. ಊಟಕ್ಕೆ ಬಂದಿದ್ದ ನೆಂಟರೊಬ್ಬರು ರೊಟ್ಟಿ ಬಲು ತೆಳ್ಳಗಿದೆಯೆಂದು ಹೊಗಳಿ, ಯಾರು ಬಡಿದದ್ದೆಂದು ಕೇಳದೆಯೇ ಬಸ್ಸು ಹತ್ತಿಬಿಟ್ಟಿದ್ದರು. ಬುಟ್ಟಿಯಲ್ಲಿ ಇಬ್ಬರದೂ ಇತ್ತು! ಅಂದಿನಿಂದ ಅತ್ತೆ ಸೊಸೆಗೆ ಮಾತಿಲ್ಲ. ಮುರಿಗೆವ್ವ ಮಗಳ ಮನೆಗೆ ಹೋಗುತ್ತೇನೆಂದು ಸೀರೆ ಮಡಿಸಿಟ್ಟಳು. ಗೌರಕ್ಕ ತವರಿಗೆಂದು ಅಟ್ಟದ ಮೇಲಿನ ಟ್ರಂಕು ಇಳಿಸಿದಳು.

ಆ ಭಾನುವಾರ, ಭೌತಶಾಸ್ತ್ರ ಕಲಿಸುವ ಗೆಳೆಯ ರಘುಪತಿ ಪ್ರಯೋಗಶಾಲೆಯ ಗಾಜಿನ ಪೆಟ್ಟಿಗೆಯ ತಕ್ಕಡಿಯನ್ನು ಮಗುವಿನಂತೆ ಎತ್ತಿಕೊಂಡು ಬಂದ. ಬಾಗಿಲಲ್ಲೇ ನಿಂತು ಒಂದು ಮಾತು ಹೇಳಿದ.

"ಬೇಡ ಮಾರಾಯ. ರೊಟ್ಟಿ ತಿನ್ನೋ ವಸ್ತು, ತೂಗೋದಲ್ಲ."

ಪರಮೇಶ್ವರಪ್ಪ ಕೇಳಲಿಲ್ಲ. ನಿಯಮ ಹೇಳಿದ. ಒಂದೇ ಹಿಟ್ಟು, ಒಂದೇ ಒಲೆ, ಒಂದೇ ಹಂಚು. ರೊಟ್ಟಿ ಹಂಚಿನ ಅಂಚು ಮುಟ್ಟಬೇಕು. ಹಾಗಿದ್ದೂ ಹಗುರಾಗಿದ್ದರೆ ಅದೇ ತೆಳು. ಇದಕ್ಕೆ ಟಿ ಟೆಸ್ಟ್ ಎನ್ನುತ್ತಾರೆ ಎಂದ. ಚಾದ ಪರೀಕ್ಷೆಗೆ ರೊಟ್ಟಿ ಯಾಕೆ ಸುಡಬೇಕೆಂದು ಮುರಿಗೆವ್ವ ಕೇಳಿದಳು. ಶಾಸ್ತ್ರಕ್ಕೆ ಇಂಥ ಅಡ್ಡಿಗಳು ಹೊಸದಲ್ಲವೆಂದು ಅವನು ನಕ್ಕುಬಿಟ್ಟ.

ಅಡುಗೆಮನೆ ನಡುಗುವಂತೆ ಬಡಿತ ಶುರುವಾಯಿತು. ಒಂದೊಂದು ರೊಟ್ಟಿಯನ್ನೂ ನಾಲ್ಕು ಮಡಿಕೆ ಮಾಡಿ, ಗಾಜಿನ ಮಂಟಪದೊಳಗೆ ದೇವರಂತೆ ಕೂರಿಸಿ, ರಘುಪತಿ ಚಿಮುಟದಲ್ಲಿ ಪುಟ್ಟ ಪುಟ್ಟ ತೂಕದ ಬೊಟ್ಟು ಎತ್ತಿಡುತ್ತಿದ್ದ. ಅನ್ನ ಕೊಡುವ ಕೈಯನ್ನು ಹೀಗೆ ಗ್ರಾಮಿನಲ್ಲಿ ಅಳೆಯುವುದನ್ನು ನೋಡಿ ಮುರಿಗೆವ್ವ ದಂಗಾಗಿ ಕೂತಳು. ಆದರೂ ಬಡಿಯುವುದನ್ನು ನಿಲ್ಲಿಸಲಿಲ್ಲ.

ಸರಾಸರಿ ಹೊರಬಿತ್ತು. ಮುರಿಗೆವ್ವನ ರೊಟ್ಟಿ ತುಸು ಹಗುರ! ಮುದುಕಿ ಸೆರಗು ಸರಿಪಡಿಸಿಕೊಂಡು ಪಕ್ಕದ ಮನೆಯ ಅನ್ನಪೂರ್ಣವ್ವನಿಗೆ ಗೋಡೆಯ ಮೇಲಿಂದಲೇ ಸುದ್ದಿ ಮುಟ್ಟಿಸಿದಳು. ಗೌರಕ್ಕ ಎದ್ದು ಹೋಗಿ ಟ್ರಂಕಿಗೆ ಸೀರೆ ತುಂಬತೊಡಗಿದಳು.

ಪರಮೇಶ್ವರಪ್ಪ ಹೆಂಡತಿಯ ಹಿಂದೆ ಓಡಿ, ಬರೀ ಸರಾಸರಿ ನೋಡಿ ತೀರ್ಮಾನಿಸಬಾರದೆಂದು ವಿವರಿಸಿದ. ಅವ್ವನ ಮೊದಲ ರೊಟ್ಟಿಗಳು ವೀಳ್ಯದೆಲೆಯಂತಿದ್ದರೂ ಕೈ ಸೋತ ಮೇಲಿನವು ಹಲಗೆಯಂತಿದ್ದವು. ಗೌರಕ್ಕನದರಲ್ಲೂ ಏರುಪೇರಿತ್ತು. ಆ ಏರುಪೇರಿನ ಎದುರು ಸರಾಸರಿಗಳ ಅಂತರವನ್ನು ನಿಲ್ಲಿಸಿ ನೋಡಬೇಕು. ಲೆಕ್ಕ ಹಾಕಿದ. ಪುಸ್ತಕದ ಹಿಂದಿನ ಪಟ್ಟಿ ತೆಗೆದು ನೋಡಿದ. ಬಂದ ಸಂಖ್ಯೆ, ಅಂತರ ನಿಜವೆನ್ನಲು ಪಟ್ಟಿ ಕೇಳುವ ಸಂಖ್ಯೆಯ ಸಮೀಪಕ್ಕೂ ಏರಿರಲಿಲ್ಲ. ನ್ಯಾಯಾಧೀಶನಂತೆ ಗಂಟಲು ಸರಿಪಡಿಸಿಕೊಂಡು, ಈ ಅಂತರ ಬರೀ ಆಕಸ್ಮಿಕವಾಗಿಯೂ ಬಂದಿರಬಹುದು, ಹೀಗಾಗಿ ಇಬ್ಬರ ರೊಟ್ಟಿಯೂ ಬೇರೆ ಬೇರೆ ಎನ್ನುವಂತಿಲ್ಲ ಎಂದು ತೀರ್ಪು ಕೊಟ್ಟ. ಈಗ ಇಬ್ಬರೂ ನಗುತ್ತಾರೆಂದು ಕಾದ.

ಯಾರೂ ನಗಲಿಲ್ಲ.

"ಆಕಸ್ಮಿಕ?" ಎಂದಳು ಮುರಿಗೆವ್ವ. "ನನ್ನ ಜಲ್ಮ ಪೂರ್ತಿ ಬಡದದ್ದು ಆಕಸ್ಮಿಕ ಏನಪಾ?"

"ಅಂದ್ರ ನನ್ನ ರೊಟ್ಟಿನೂ ಅತ್ತೀಯವರ ರೊಟ್ಟಿನೂ ಒಂದ ಅಂತೀರೇನ್ರೀ?" ಎಂದಳು ಗೌರಕ್ಕ, ಕೈಯಲ್ಲಿ ಸೀರೆ ಹಿಡಿದುಕೊಂಡೇ.

ಒಂದೇ ಎಂದಲ್ಲ, ಬೇರೆ ಎನ್ನಲು ಸಾಕ್ಷಿ ಸಾಲದು ಅಷ್ಟೇ ಎಂದು ಅವನು ತೊದಲಿದ. ಇಷ್ಟು ವರ್ಷ ಎರಡೂ ಕೈಯ ರೊಟ್ಟಿ ತಿಂದು ಬೆಳೆದ ಹೊಟ್ಟೆ ಸಾಕ್ಷಿಯಲ್ಲವೇ ಎಂದು ಗೌರಕ್ಕ ಆ ಹೊಟ್ಟೆಯನ್ನೇ ನೋಡುತ್ತ ಕೇಳಿದಳು. ಆಗ ಪರಮೇಶ್ವರಪ್ಪ, ಪುಸ್ತಕದಲ್ಲಿ ಸರಿಯಾದ, ಅಡುಗೆಮನೆಯಲ್ಲಿ ಮಹಾಪರಾಧವಾದ ಮಾತೊಂದನ್ನು ಆಡಿಬಿಟ್ಟ.

"ನಮೂನೆ ಸಣ್ಣದಾತು, ತೂಗಿದ ರೊಟ್ಟಿ ಸಾಲಲಿಲ್ಲ. ಇನ್ನೊಂದು ಬುಟ್ಟಿ ರೊಟ್ಟಿ ಬಡೀರಿ, ಆಮ್ಯಾಲೆ ಖಚಿತ ಹೇಳ್ತೀನಿ."

ಒಲೆಯ ಮುಂದೆ ಕೂತು ಕೆಂಪಾಗಿದ್ದ ಎರಡು ಮುಖಗಳು ಎಷ್ಟೋ ದಿನಗಳ ನಂತರ ಪರಸ್ಪರ ನೋಡಿಕೊಂಡವು. ಮುರಿಗೆವ್ವ ಹಿಟ್ಟಿನ ಪರಾತ ಎತ್ತಿಕೊಟ್ಟಳು. ಗೌರಕ್ಕ ಅದನ್ನು ಗಂಡನ ಮುಂದೆ ಇಟ್ಟಳು.

"ಬಡೀರಿ," ಎಂದಳು.

ಅವನ ಹೊಟ್ಟೆ ಹಸಿದಿತ್ತು. ಒಗ್ಗೂಡಿದ ಅತ್ತೆ-ಸೊಸೆಯ ಎದುರು ಯಾವ ಶಾಸ್ತ್ರವೂ ನಡೆಯುವುದಿಲ್ಲವೆಂದು ರಘುಪತಿಯ ಮುಖವೇ ಹೇಳುತ್ತಿತ್ತು. ಪರಮೇಶ್ವರಪ್ಪ ಬಡಿದ. ಹಿಟ್ಟು ಅಂಗೈಗೆ ಅಂಟಿತು, ಮೂಗಿಗೆ ಹತ್ತಿತು, ಅಂಚು ಹರಿದು ಮುಂಬೈ ರಾಜ್ಯದ ಹಳೆಯ ನಕಾಶೆಯಂತಾಯಿತು. ಹಂಚಿನ ಅರ್ಧವನ್ನೂ ಮುಚ್ಚದ ಆ ವಸ್ತುವನ್ನು ಗೌರಕ್ಕ ಅತ್ತೆಯ ಒಪ್ಪಿಗೆ ಪಡೆದು ಗಾಜಿನ ಪೆಟ್ಟಿಗೆಯೊಳಗೆ ಇಟ್ಟಳು. ತಟ್ಟೆ ಠಣ್ ಎಂದು ತಳ ಹಿಡಿಯಿತು. ರಘುಪತಿ ಗಾಬರಿಯಾಗಿ ಇದ್ದಬದ್ದ ಬೊಟ್ಟುಗಳನ್ನೆಲ್ಲ ಪೇರಿಸಿದ. ತಟ್ಟೆ ಮೇಲೇಳಲಿಲ್ಲ.

ದಿಗಿಲುಬಿದ್ದ ಪರಮೇಶ್ವರಪ್ಪ ಅಭ್ಯಾಸಬಲದಿಂದ ಪುಸ್ತಕಕ್ಕೆ ಕೈ ಹಾಕಿದ. ಮುರಿಗೆವ್ವ ಸೊಸೆಯ ಹೆಗಲಿಗೆ ಕೈಯಿಟ್ಟು ಸಮಾಧಾನದಿಂದ ಹೇಳಿದಳು:

"ಪುಸ್ತಕ ಇರಲಿ ಬಿಡಪಾ. ಈ ಫರಕು ಕಣ್ಣಿಗೇ ಕಾಣ್ತೈತಿ."