ಚಿಕ್ಕವ್ವನ ಮಾತ್ರೆ ಕವರು

ನಮ್ಮ ಚಿಕ್ಕವ್ವ ಡಾಕ್ಟರಾಗಿರಲಿಲ್ಲ. ಆದರೂ ಹನೂರಿನಿಂದ ಯಳಂದೂರಿನವರೆಗೆ ಅವಳ ಮಾತ್ರೆ ತೆಗೆದುಕೊಂಡವರು ನೂರಾರು ಮಂದಿ. ಅವಳ ಹತ್ತಿರ ಒಂದೇ ಒಂದು ಮಾತ್ರೆಯೂ ಇರಲಿಲ್ಲ ಎಂಬುದು ಬೇರೆ ಮಾತು. ಕೊನೆಗೆ ಅವಳಿಗೇ ಒಂದು ಬೇಕಾದಾಗ ಕೊಟ್ಟವನು ನಾನು. ತಪ್ಪು ಮಾತ್ರೆ ಕೊಟ್ಟುಬಿಟ್ಟೆನೇ? ಅವಳು ಹೋದಾಗಿನಿಂದ ಈ ಪ್ರಶ್ನೆ ನನ್ನನ್ನು ತಿನ್ನುತ್ತಿದೆ.

ಚಿಕ್ಕಪ್ಪನನ್ನು ಮದುವೆಯಾಗಿ ರಾಮಾಪುರದ ಆಚೆಯ ತಮಿಳು ಮನೆಯಿಂದ ಕಾಮಗೆರೆಗೆ ಬಂದವಳು ಅವಳು. ತಂದದ್ದು ಒಂದು ಟ್ರಂಕು; ಅದರೊಳಗೆ ಅವಳ ಅಜ್ಜಿಯ ಕಾಲದ, ಬೈಬಲಿನ ಕೀರ್ತನೆಗಳ ತಮಿಳು ಪುಸ್ತಕ. ನಾಲ್ಕು ತಿಂಗಳಲ್ಲಿ ನಮಗಿಂತ ಚೆನ್ನಾಗಿ ನಮ್ಮೂರ ಕನ್ನಡದಲ್ಲಿ ಬೈಯುವುದನ್ನು ಕಲಿತಳಂತೆ. ಕನಿಕರ ಉಕ್ಕಿದಾಗ ಮಾತ್ರ ಬಾಯಲ್ಲಿ ತಮಿಳು ಬರುತ್ತಿತ್ತು. ಪಾಪ ಎನ್ನುವ ಕಡೆ "ಪಾವಂ" ಎನ್ನುತ್ತಿದ್ದಳು.

ಆಸ್ಪತ್ರೆಯೊಂದರಲ್ಲಿ ಮಾತ್ರೆ ಕೊಡುವ ಕಿಟಕಿಯ ಹಿಂದೆ ಮೂವತ್ತು ವರ್ಷ ಕೂತವಳ ಕೈ ನಿವೃತ್ತಿಯಾಯಿತೆಂದು ಸುಮ್ಮನಿರುತ್ತದೆಯೇ? ಮಾತ್ರೆ ಹಾಕುವ ಪುಟ್ಟ ಕಾಗದದ ಕವರುಗಳ ಕಂತೆಯೊಂದನ್ನು ತರಿಸಿಕೊಂಡಳು. ಕಷ್ಟ ಹೇಳಿಕೊಂಡು ಬಂದ ನಮ್ಮ ಚರ್ಚಿನವರಿಗೆ ಕವರಿನ ಮೇಲೆ ಒಂದು ಕೀರ್ತನೆಯ ನಂಬರು ಬರೆದು, ಕೆಳಗೆ 1-0-1 ಎಂದು ಹಾಕಿ ಕೊಡುತ್ತಿದ್ದಳು. ಬೆಳಿಗ್ಗೆ ಒಂದು ಸಲ ಓದು, ಮಧ್ಯಾಹ್ನ ಬೇಡ, ರಾತ್ರಿ ಒಂದು ಸಲ. ಊಟವಾದ ಮೇಲೆ.

"ಊಟಕ್ಕೂ ಇದಕ್ಕೂ ಏನು ಸಂಬಂಧ ಚಿಕ್ಕವ್ವ?" ಎಂದು ಕೇಳಿದ್ದೆ.

"ಹಸ್ಕಂಡಿರೋ ಹೊಟ್ಟೇಲಿ ದೇವ್ರ ಮಾತು ನಿಲ್ಲಕಿಲ್ಲ ಕಣ್ಲಾ. ಇನ್ನೊಂದು ತಿಳ್ಕ, ಅರ್ಧಕ್ಕೆ ಬುಡಬಾರ್ದು. ಕೋರ್ಸು ಮುಗಿಸ್ದೆ ಬುಟ್ರೆ ಕಾಯ್ಲೆ ತಿರುಗ್ಕಂಡು ಬತ್ತದೆ."

ಅವಳ ಔಷಧಿ ಕೆಲಸ ಮಾಡುವ ರೀತಿ ಮಾತ್ರ ವಿಚಿತ್ರವಾಗಿತ್ತು. ಅಗರದಲ್ಲಿ ಒಬ್ಬ ಮನೆ ಕಟ್ಟಿಸುತ್ತಿದ್ದ. ಪಾಯ ಎದ್ದಿತ್ತು, ಗಾರೆಯವನು ನಾಪತ್ತೆ. ಚಿಕ್ಕವ್ವ 126 ಬರೆದುಕೊಟ್ಟಳು. ತಿಂಗಳು ಬಿಟ್ಟು ನೋಡಲು ಹೋದರೆ ಪಾಯದೊಳಗೆ ಸೊಂಪಾಗಿ ಅವರೆ ಗಿಡ ಎದ್ದಿವೆ!

"ಏನ್ಲಾ ಇದು, ಮನೆ ಕಟ್ಲಾ ಅಂದ್ರೆ ಅವರೆ ಬಿತ್ತಿದ್ದೀಯೆ?"

"ನೀನೇ ಅಲ್ವಾ ಚಿಕ್ಕವ್ವ ಬರ್ಕೊಟ್ಟಿದ್ದು? ಅಳ್ತಾ ಬಿತ್ತಿದೋನು ನಗ್ತಾ ಕೊಯ್ತಾನೆ ಅಂತ ಐತೆ. ಅಳ್ತಾನೂ ಇದ್ದೆ, ಬಿತ್ತಿಬುಟ್ಟೆ."

ಆ ಅವರೆಕಾಯನ್ನು ನಾವೂ ತಿಂದೆವು.

ಕೊಳ್ಳೇಗಾಲದ ಡ್ರೈವರೊಬ್ಬನದು ಇನ್ನೊಂದು ಕತೆ. ಬಸ್ಸಿನ ಸಾಹುಕಾರ ಅವನನ್ನು ಮಾದೇಶ್ವರನ ಬೆಟ್ಟದ ರೂಟಿಗೆ ಹಾಕಿದ್ದ. ಆ ತಿರುವುಗಳನ್ನು ನೆನೆದರೆ ಇವನಿಗೆ ಕೈ ನಡುಕ. ಚಿಕ್ಕವ್ವ ಕೊಟ್ಟದ್ದು 120. ಎರಡೇ ದಿನ ಓದಿ, ನೇರವಾಗಿ ಸಾಹುಕಾರನ ಮುಂದೆ ನಿಂತು, "ಸಾ, ಹೋದ್ವಾರ ಜ್ವರ ಅಂದಿದ್ದು ಸುಳ್ಳು ಸಾ" ಎಂದು ಒಪ್ಪಿಕೊಂಡ. ಸಾಹುಕಾರ ಸಿಟ್ಟಿಗೆದ್ದು ಅವನನ್ನು ಬಸ್ಸು ತೊಳೆಯಲು ಹಾಕಿದ. ಕೈ ನಡುಕ ಅವತ್ತೇ ವಾಸಿಯಾಯಿತು. ಬೆಟ್ಟದ ಭಯಕ್ಕೆ ಸುಳ್ಳು ನಾಲಿಗೆಯ ಕೀರ್ತನೆ ಏಕೆ ಎಂದು ಅವನೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ನಾನು ಮೈಸೂರಿನಲ್ಲಿ ಎಂ.ಎ. ಓದಿ ಕೊಳ್ಳೇಗಾಲದಲ್ಲಿ ಇತಿಹಾಸ ಪಾಠ ಮಾಡುವವನು. ಕಣ್ಣಾರೆ ಕಂಡೆ ಎನ್ನುವವನನ್ನೇ ಮೊದಲು ಅನುಮಾನಿಸಿ ಎಂದು ಹುಡುಗರಿಗೆ ಹೇಳಿಕೊಡುತ್ತೇನೆ. ಅವ್ವ ತೀರಿಕೊಂಡ ಮೇಲೆ ಚರ್ಚಿಗೆ ಹೋಗುವುದನ್ನೂ ಬಿಟ್ಟೆ. ಏನೂ ಬೇಡವಾಗಿತ್ತು. ಚಿಕ್ಕವ್ವ ಒಂದು ಕವರು ಹಿಡಿದು ಬಂದಳು. ನಾನು ನಂಬರನ್ನೂ ನೋಡದೆ ವಾಪಸು ಕೊಟ್ಟೆ.

"ಇದು ಪ್ಲಾಸಿಬೊ ಚಿಕ್ಕವ್ವ."

"ಅದ್ಯಾವ ಕಂಪ್ನಿ ಮಾತ್ರೆಲಾ? ನಮ್ಮ ಕಿಟ್ಕೀಲಿ ಬಂದಿಲ್ವಲ್ಲ."

"ಒಳಗೆ ಔಷಧಿಯೇ ಇಲ್ಲದ ಮಾತ್ರೆ ಅಂತ. ನಂಬಿಕೆಯಿಂದಲೇ ವಾಸಿಯಾಗುತ್ತದೆ."

"ವಾಸಿಯಾಗ್ತದಲ್ಲ, ಮತ್ಯಾಕೆ ನಿಂಗೆ ಒಳಗೇನೈತೆ ಅನ್ನೋ ಚಿಂತೆ?" ಎಂದು ಕವರನ್ನು ಸೆರಗಿಗೆ ಸಿಕ್ಕಿಸಿಕೊಂಡು ಹೋದಳು. ಮತ್ತೆಂದೂ ನನಗೆ ಕವರು ಕೊಡಲು ಬರಲಿಲ್ಲ.

ಆಮೇಲೆ ಅವಳೇ ಮಲಗಿದಳು. ಎದ್ದೇಳುವ ಕಾಯಿಲೆಯಲ್ಲ ಎಂದು ಅವಳಿಗೆ ನಮಗಿಂತ ಮೊದಲೇ ಗೊತ್ತಿತ್ತು. ಒಂದು ಮಧ್ಯಾಹ್ನ ನಾನು ಮಂಚದ ಪಕ್ಕ ಕೂತಿದ್ದೆ. ಕಣ್ಣು ಮುಚ್ಚಿಕೊಂಡೇ, "ಇಪ್ಪತ್ತೆರಡು ಓದ್ಲಾ" ಎಂದಳು. ಬೇರೆ ಯಾರೂ ಇರಲಿಲ್ಲ. ಮೊಬೈಲಿನಲ್ಲಿ ಕನ್ನಡ ಬೈಬಲ್ ತೆಗೆದು ಇಪ್ಪತ್ತೆರಡನೆಯದನ್ನು ಶುರುಮಾಡಿದೆ. ದೇವರು ತನ್ನ ಕೈಬಿಟ್ಟನೆಂದು ಒಬ್ಬ ಕೂಗಿಕೊಳ್ಳುವ ಕೀರ್ತನೆ ಅದು. ಸಾಯುತ್ತಿರುವವಳು ಇದನ್ನೇಕೆ ಕೇಳಿದಳು? ಓದುತ್ತಾ ಹೋದೆ. ಮೂಳೆಗಳೆಲ್ಲ ಕಳಚಿಕೊಂಡಿವೆ ಎನ್ನುವ ಸಾಲಿಗೆ ಬಂದಾಗ ಅವಳ ಮೊಣಕೈ ಕಣ್ಣಿಗೆ ಬಿತ್ತು. ಅಲ್ಲಿಗೇ ನಿಲ್ಲಿಸಿದೆ. ನೀರು ತರುತ್ತೇನೆಂದು ಎದ್ದುಹೋದೆ. ಹಿಂದಿರುಗುವಷ್ಟರಲ್ಲಿ ನಿದ್ದೆ ಹೋಗಿದ್ದಳು. ನಾನು ಕೊಳ್ಳೇಗಾಲದ ಬಸ್ಸು ಹತ್ತಿದೆ. ಎರಡು ದಿನಕ್ಕೆ ತೀರಿಕೊಂಡಳೆಂದು ಫೋನು ಬಂತು.

ಚರ್ಚಿನಲ್ಲಿ ಅವಳ ತಿಂಗಳ ಪೂಜೆಯಾದ ಮೇಲೆ ಚಿಕ್ಕಪ್ಪ ಆ ತಮಿಳು ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ. ಅವಳಿಂದಲೇ ತಮಿಳು ಓದಲು ಕಲಿತವನು. ಇಪ್ಪತ್ತೆರಡನ್ನು ತೆಗೆದು ಓದು ಎಂದೆ. ಅವನು ಬೆರಳಿಟ್ಟು ಓದಿದ. ದೇವರೇ ಕುರುಬ, ಹುಲ್ಲುಗಾವಲು, ತಿಳಿನೀರು.

"ಅದು ಇಪ್ಪತ್ಮೂರು ಚಿಕ್ಕಪ್ಪ."

"ಇದ್ರಲ್ಲಿ ಇಪ್ಪತ್ತೆರಡೇ ಕಣಪ್ಪ."

ಪುಟ ತಿರುಗಿಸಿ ಹೋಲಿಸಿದೆವು. ಆ ಹಳೆಯ ಪುಸ್ತಕದಲ್ಲಿ ನಮ್ಮ ಒಂಬತ್ತು ಮತ್ತು ಹತ್ತನೆಯ ಕೀರ್ತನೆಗಳನ್ನು ಸೇರಿಸಿ ಒಂದೇ ಮಾಡಿದ್ದಾರೆ. ಅಲ್ಲಿಂದಾಚೆಗೆ ಹೆಚ್ಚುಕಮ್ಮಿ ಎಲ್ಲವೂ ಒಂದೊಂದು ನಂಬರು ಹಿಂದೆ. ಅಂದರೆ ಇಷ್ಟು ವರ್ಷ ಮೂರು ತಾಲ್ಲೂಕಿನ ಜನ ಅವಳ ನಂಬರನ್ನು ಕನ್ನಡ ಬೈಬಲಿನಲ್ಲಿ ಹುಡುಕಿ, ತಮ್ಮ ಕಷ್ಟಕ್ಕೆ ಪಕ್ಕದ ಮನೆಯ ಮಾತ್ರೆ ನುಂಗುತ್ತಿದ್ದರು! ಮನೆ ಕಟ್ಟುವವನಿಗೆ ಅವಳು ಬರೆದದ್ದು ದೇವರೇ ಮನೆ ಕಟ್ಟುವ ಕೀರ್ತನೆ, ಸಿಕ್ಕಿದ್ದು ಬಿತ್ತನೆ; ಬೆಟ್ಟಕ್ಕೆ ಹೆದರಿದವನಿಗೆ ಬರೆದದ್ದು ಬೆಟ್ಟದತ್ತ ಕಣ್ಣೆತ್ತುವ ಕೀರ್ತನೆ, ಸಿಕ್ಕಿದ್ದು ಸುಳ್ಳು ನಾಲಿಗೆ. ನಗಬೇಕಾಗಿತ್ತು. ಆಗಲಿಲ್ಲ. ಅವಳು ಕೇಳಿದ್ದು ಕುರುಬನನ್ನು. ನಾನು ಓದಿದ್ದು ದೇವರು ಕೈಬಿಟ್ಟವನನ್ನು. ಅದೂ ಅರ್ಧ.

ಆಗಲೇ ನೆನಪಾಯಿತು. ಮೊದಲ ಸಾಲಿಗೇ ಅವಳು ಕಣ್ಣು ತೆರೆದು ನನ್ನನ್ನು ನೋಡಿದ್ದಳು. "ಪಾವಂ, ನಿಂಗೆ ಇದಾ ಬೇಕಾಗಿರೋದು? ಓದ್ಕ" ಎಂದಿದ್ದಳು. ನನ್ನ ಸಲುವಾಗಿ ನಾನೇ ಆರಿಸಿಕೊಂಡೆ ಅಂದುಕೊಂಡಳೇ? ತನ್ನದನ್ನು ಬಿಟ್ಟು ನನ್ನದನ್ನು ಕೇಳುತ್ತಾ ಮಲಗಿದ್ದಳೇ? ಅಥವಾ ಈ ಮಾತನ್ನು ನನ್ನ ಸಮಾಧಾನಕ್ಕೆ ನಾನೇ ಈಗ ಹುಟ್ಟಿಸಿಕೊಂಡೆನೇ? ನನ್ನ ಹುಡುಗರಿಗಾಗಿದ್ದರೆ ಈ ಸಾಕ್ಷಿಯನ್ನು ಒಪ್ಪಬಾರದು ಎನ್ನುತ್ತಿದ್ದೆ.

ಚಿಕ್ಕಪ್ಪನಿಗೆ ಇದೊಂದೂ ಹೇಳಲಿಲ್ಲ. ಅವನು ಪುಟ ಹಿಂದಕ್ಕೆ ತಿರುಗಿಸುತ್ತಿದ್ದವನು, "ಮರ್ತೇ ಓಗಿದ್ದೆ" ಎಂದು ಒಂದು ಮಾತ್ರೆ ಕವರು ತೆಗೆದ. "ನೀ ಬಸ್ಸತ್ತಿದ ಸಾಯಂಕಾಲ ಎದ್ದು ಪೆನ್ನು ಕೇಳಿದ್ಲು. ನಿಂಗೆ ಕೊಡು ಅಂದ್ಲು."

ಅಕ್ಷರ ಓಲಾಡುತ್ತಿತ್ತು. ನನ್ನ ಹೆಸರು. 21. ಅವಳ ಪುಸ್ತಕದ ಇಪ್ಪತ್ತೊಂದು, ನಾನು ಅರ್ಧಕ್ಕೆ ಬಿಟ್ಟದ್ದು. ಕೆಳಗೆ 1-1-1. ಮಧ್ಯಾಹ್ನಕ್ಕೂ ಒಂದು ಎಂದು ಅವಳು ಯಾರಿಗೂ ಬರೆದದ್ದು ನಾನು ಕಂಡಿಲ್ಲ.

ಕವರು ಈಗ ನನ್ನ ಮೇಜಿನ ಮೇಲಿದೆ. ಮೊಬೈಲು ತೆಗೆಯುತ್ತೇನೆ, ಮೂಳೆಗಳ ಸಾಲಿನವರೆಗೆ ಹೋಗುತ್ತೇನೆ, ನಿಲ್ಲುತ್ತೇನೆ. ಮುಂದೆ ಏನಿದೆಯೋ ಇನ್ನೂ ಓದಿಲ್ಲ. ಊಟವಾದ ಮೇಲೆ ತೆಗೆದುಕೊಳ್ಳಬೇಕಲ್ಲ ಚಿಕ್ಕವ್ವ. ನೀನು ಹೋದಾಗಿನಿಂದ ಊಟವೇ ಸೇರುತ್ತಿಲ್ಲ.