ಅಮಾವಾಸ್ಯೆಗೊಂದು ಗಂಟು, ಫ್ರೀಜರಿಗೊಂದು ಪಟ್ಟಿ

ಫ್ರಿಜ್ ರಿಪೇರಿಗೆ ಹೋದವನಿಗೆ ನಗುವುದಕ್ಕೆ ಬರ ಅನ್ನುವುದೇ ಇಲ್ಲ. ದೇವರ ಕೋಣೆಯ ಹತ್ತಿರ ಬಿಟ್ಟುಕೊಳ್ಳದ ಮನೆಯವರೂ ಫ್ರೀಜರ್ ಬಾಗಿಲು ಮಾತ್ರ ಧಾರಾಳವಾಗಿ ತೆಗೆದು ತೋರಿಸುತ್ತಾರೆ. ಚಿತ್ರದುರ್ಗದಲ್ಲಿ ಅಂಗಡಿ ಇಟ್ಟುಕೊಂಡು ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಅಂತ ಇಪ್ಪತ್ತು ವರ್ಷದಿಂದ ಬೈಕಿನಲ್ಲಿ ತಿರುಗುತ್ತಿದ್ದೇನೆ. ಒಂದು ವಾರವೂ ಸುಮ್ಮನೆ ಕಳೆದದ್ದು ನೆನಪಿಲ್ಲ.

ನನಗೊಂದು ಚಟ. ರಿಪೇರಿ ಮುಗಿಸಿದ ಪ್ರತಿ ಫ್ರಿಜ್ಜಿಗೂ ಒಂದು ಪಟ್ಟಿ ಅಂಟಿಸಿ ಬರುತ್ತೇನೆ. ಹಸಿ ಬಾಡು ಮೂರು ತಿಂಗಳು, ಮೀನು ಎರಡು, ಮಾಡಿದ ಸಾರು ಎರಡು, ಹಿತಕಿದ ಬೇಳೆ ಆರು. ಫ್ರೀಜರು ಮೈನಸ್ ಹದಿನೆಂಟರಲ್ಲಿ ಅಲ್ಲಾಡದೆ ನಿಂತರೆ ಇನ್ನೂ ಹೆಚ್ಚು ದಿನ ಇಟ್ಟರೂ ಕೆಡುವುದಿಲ್ಲ, ರುಚಿ ಹೋಗುತ್ತದೆ ಅಷ್ಟೆ. ಆದರೆ ನಮ್ಮ ಕಡೆ ಕರೆಂಟು ಹೇಳಿ ಕೇಳಿ ಹೋಗುವುದಿಲ್ಲವಲ್ಲ, ಅದಕ್ಕೇ ನನ್ನ ಪಟ್ಟಿ ಸ್ವಲ್ಪ ಬಿಗಿ. ಅದನ್ನು ಪಾಲಿಸದವರಿಗೆ ಬುದ್ಧಿ ಹೇಳೋಣ ಅಂತ ಹೋಗಿ, ನಾನೇ ಕಲಿತು ಬಂದದ್ದು ಹೆಚ್ಚು.

ಹಾಜರಿ

ಜೋಗಿಮಟ್ಟಿ ರಸ್ತೆಯಲ್ಲಿ ಒಬ್ಬರು ನಿವೃತ್ತ ಹೆಡ್‌ಮಾಸ್ತರು. ನನ್ನ ಪಟ್ಟಿಯನ್ನು ಇವರಷ್ಟು ಗೌರವದಿಂದ ನಡೆಸಿಕೊಂಡವರು ಇನ್ನೊಬ್ಬರಿಲ್ಲ. ಫ್ರೀಜರಿನ ಪ್ರತಿ ಪೊಟ್ಟಣಕ್ಕೂ ನಂಬರು, ತಾರೀಖು. ಮೇಲೆ ಒಂದು ಹಾಜರಿ ಪುಸ್ತಕ. ಭಾನುವಾರ ಬೆಳಿಗ್ಗೆ ಕನ್ನಡಕ ಹಾಕಿಕೊಂಡು ಹಾಜರಿ ಕರೆಯುತ್ತಾರೆ. ಹೆಂಡತಿ ಒಂದೊಂದೇ ಪೊಟ್ಟಣ ಎತ್ತಿ ತೋರಿಸಬೇಕು.

ನಾನು ಹೋದ ದಿನ ಒಂದು ಹಿತಕಿದ ಬೇಳೆಯ ಪೊಟ್ಟಣಕ್ಕೆ ಆರು ತಿಂಗಳು ತುಂಬಿತ್ತು. ಮಾಸ್ತರು ಅದರ ಹೆಸರಿನ ಮೇಲೆ ಕೆಂಪು ಗೆರೆ ಎಳೆದು, "ಇದು ಇವತ್ತಿಗೆ ರಿಟೈರ್ಡ್. ಮಧ್ಯಾಹ್ನದ ಸಾರಿಗೆ ಹಾಕಿಬಿಡು" ಅಂದರು. ಎಷ್ಟು ಶಿಸ್ತು! ನಾನು ಮೆಚ್ಚಿ ತಲೆದೂಗಿದೆ.

ಆಕೆ ಬೇಳೆ ಹಿಡಿದುಕೊಂಡೇ ನನ್ನ ಕಡೆ ತಿರುಗಿದರು. "ನೋಡಪ್ಪ, ಬೇಳೆ ರಿಟೈರಾದ ದಿನವೇ ಫ್ರೀಜರ್ ಬಿಟ್ಟು ಹೊಂಟೋತು. ಇವ್ರು ರಿಟೈರಾಗಿ ಎಂಟು ವರ್ಷ ಆತು, ಇನ್ನೂ ನನ್ನ ಅಡಿಗೆಮನಿ ಬಿಟ್ಟು ಹೊರಗೆ ಹೋಗಿಲ್ಲ."

ಫ್ರೀಜರಿನ ದೇವರು

ಊರಿಗೆ ಹೋಗಿ ಬಂದವರಿಗೆ ಕರೆಂಟು ಎಷ್ಟು ಹೊತ್ತು ಹೋಗಿತ್ತು ಅಂತ ಗೊತ್ತಾಗುವುದು ಹೇಗೆ? ಅದಕ್ಕೆ ನಾನೊಂದು ಉಪಾಯ ಹೇಳಿಕೊಡುತ್ತೇನೆ. ಲೋಟದಲ್ಲಿ ನೀರು ಹಾಕಿ ಫ್ರೀಜರಿನಲ್ಲಿ ಗಟ್ಟಿ ಮಾಡಿ, ಮೇಲೊಂದು ರೂಪಾಯಿ ಬಿಲ್ಲೆ ಇಡಬೇಕು. ವಾಪಸ್ ಬಂದಾಗ ಬಿಲ್ಲೆ ಮೇಲೇ ಇದ್ದರೆ ಸರಿ. ತಳಕ್ಕೆ ಹೋಗಿದ್ದರೆ, ಎಲ್ಲ ಕರಗಿ ಮತ್ತೆ ಗಟ್ಟಿಯಾಗಿದೆ ಅಂತ ಅರ್ಥ. ಬಾಡು, ಮೀನು ಯಾವುದನ್ನೂ ಮುಟ್ಟಬಾರದು.

ಹೊಳಲ್ಕೆರೆಯಲ್ಲಿ ಒಬ್ಬ ಸೊಸೆಗೆ ಇದನ್ನು ಹೇಳಿಕೊಟ್ಟು ಬಂದೆ. ಮನೆಯಲ್ಲಿದ್ದ ಅತ್ತೆಗೆ ಯಾರೂ ಹೇಳಲಿಲ್ಲ. ಎರಡು ತಿಂಗಳು ಬಿಟ್ಟು ಹೋಗಿ ಫ್ರೀಜರ್ ತೆಗೆದೆ. ಲೋಟಕ್ಕೆ ಅರಿಶಿನ ಕುಂಕುಮ ಇಟ್ಟಿದೆ, ಒಂದು ಕಣಗಿಲೆ ಹೂವು ಗಟ್ಟಿಯಾಗಿ ನಿಂತಿದೆ, ಒಂದು ರೂಪಾಯಿ ಇದ್ದ ಕಡೆ ದುಡ್ಡಿನ ರಾಶಿಯೇ ಇದೆ! ಸೊಸೆ ದೇವರಿಗೆ ಮುಡಿಪು ಕಟ್ಟಿದ್ದಾಳೆ ಅಂದುಕೊಂಡು ಅತ್ತೆ ಪ್ರತಿ ಶುಕ್ರವಾರ ತಮ್ಮದೂ ಒಂದು ಬಿಲ್ಲೆ ಸೇರಿಸಿದ್ದರು. ಏನು ಹರಕೆ ಅಂತ ಕೇಳಲೂ ಇಲ್ಲ, ಸೊಸೆಯ ಹರಕೆ ಈಡೇರಲಿ ಅಂತ ಸುಮ್ಮನೆ ಕೈ ಮುಗಿದಿದ್ದರು. ಅಂಥ ಅತ್ತೆ ಎಷ್ಟು ಮನೆಯಲ್ಲಿ ಸಿಗುತ್ತಾರೆ ಹೇಳಿ.

ನಾನು ವಿಷಯ ಬಿಡಿಸಿ ಹೇಳಿದೆ. ಆಕೆ ಸ್ವಲ್ಪವೂ ನಾಚಿಕೊಳ್ಳಲಿಲ್ಲ. "ಇರ್ಲಿ ಬಿಡಪ್ಪ. ನಾನು ಪೂಜೆ ಶುರು ಮಾಡಿದ ಮೇಲೆ ಒಂದು ದಿನಾನೂ ಕರೆಂಟು ಹೋಗಿಲ್ಲ. ನಿನ್ನ ಕೈಲಿ ಆಗಿತ್ತಾ ಅದು?"

ಮಾರಿಕಣಿವೆಯ ಮೀನು

ಹೊಸದುರ್ಗದಲ್ಲಿ ಒಬ್ಬರು ಮಾರಿಕಣಿವೆ ಡ್ಯಾಮಿಗೆ ಹೋಗಿ ಗಾಳ ಹಾಕಿ ಒಂದು ದೊಡ್ಡ ಮೀನು ಹಿಡಿದಿದ್ದರು. ಅದು ವರ್ಷದಿಂದ ಫ್ರೀಜರಿನಲ್ಲಿ ಬಾಲ ಮಡಚಿಕೊಂಡು ಮಲಗಿತ್ತು.

"ಯಾವಾಗ ತಿಂತೀರಿ ಇದನ್ನ?" ಅಂದೆ.

"ತಿನ್ನಕ್ಕಲ್ರಿ ಇದು, ತೋರ್ಸಕ್ಕೆ!" ಅಂದರು. ನೆಂಟರು ಬಂದಾಗಲೆಲ್ಲ ಅದನ್ನು ಹೊರಗೆ ತೆಗೆದು, ಬಾಲ ಬಿಡಿಸಿ, ಹಿಡಿದ ಕಥೆ ಪೂರ್ತಿ ಹೇಳಿ ಮತ್ತೆ ಒಳಗಿಡುತ್ತಿದ್ದರಂತೆ. ಕರಗಿದ್ದನ್ನು ಹಾಗೆ ಮತ್ತೆ ಮತ್ತೆ ಗಟ್ಟಿ ಮಾಡಿದರೆ ಅದು ವಿಷ, ಬೆಕ್ಕಿಗೂ ಹಾಕಬೇಡಿ ಅಂತ ಅರ್ಧ ಗಂಟೆ ಹೇಳಿದೆ. ಅವರು ಕಣ್ಣಲ್ಲಿ ನೀರು ತುಂಬಿಕೊಂಡು ಅದನ್ನು ಹಿತ್ತಲಲ್ಲಿ ಹೂಳಲು ಹೊರಟರು.

ಹೆಂಡತಿ ನೆಮ್ಮದಿಯಾಗಿ ಉಸಿರು ಬಿಟ್ಟರು. "ಒಳ್ಳೇದು ಮಾಡಿದ್ರಿ ಅಣ್ಣ. ಮೀನು ಫ್ರೀಜರಾಗೆ ಒಣಗಿ ಒಣಗಿ ಸಣ್ಣದಾಗ್ತಿತ್ತು, ಇವ್ರ ಬಾಯಾಗೆ ವಾರಕ್ಕೊಂದು ಕೆಜಿ ದೊಡ್ಡದಾಗ್ತಿತ್ತು. ಎರಡನ್ನೂ ಹೊಂದಿಸಿ ಹೇಳಾಕೆ ನನ್ನ ಕೈಲಿ ಆಗ್ತಿರಲಿಲ್ಲ."

ಮೊಮ್ಮಗನ ಪಾಲು

ಹಿರಿಯೂರಿನ ಆಚೆ ಕುರಿ ಸಾಕುವವರ ಒಂದು ಹಟ್ಟಿ. ಅಲ್ಲೊಬ್ಬ ಅಜ್ಜಿ. ಮನೆಯಲ್ಲಿ ಇರುವುದು ಅಜ್ಜಿಯೊಂದೇ. ಸಾಕಿದ ಮೊಮ್ಮಗ ಮಿಲಿಟರಿಯಲ್ಲಿ, ಆದರೆ ಅಜ್ಜಿಯ ಮನೆಯಲ್ಲಿ ದಿನಾ ಹತ್ತು ಜನ ಕೂತಿರುತ್ತಾರೆ. ಫ್ರಿಜ್ಜು ಮೊಮ್ಮಗ ಕೊಡಿಸಿದ್ದು.

ಮೊದಲ ಸಲ ಹೋದಾಗ ಪಟ್ಟಿ ಅಂಟಿಸಲು ಹೊರಟೆ. "ನಂಗೆ ಓದಾಕೆ ಬರಲ್ಲ ಕಣಪ್ಪ, ಅದನ್ನ ಬಾಗಿಲಿಗೆ ಮೆತ್ತಿ ಏನು ಮಾಡ್ಲಿ?" ಅಂತ ಅಜ್ಜಿ ಫ್ರೀಜರ್ ತೆಗೆಯಿತು. ಒಳಗೆ ಒಂದು ಚೀಲ ಬಾಡು, ಅದರ ಬಾಯಿಗೆ ಕರಿ ಉಣ್ಣೆ ದಾರ, ದಾರದಲ್ಲಿ ಎರಡು ಗಂಟು.

"ಅಮಾವಾಸ್ಯೆಗೊಂದು ಗಂಟು. ಮೂರನೇ ಗಂಟು ಬಿತ್ತು ಅಂದ್ರೆ ಒಲೆ ಮೇಲೆ ಇಡ್ತೀನಿ. ನಾಕನೇದು ಹಾಕಾಕೆ ದಾರ ಬಿಡಲ್ಲ."

ಮೂರು ಅಮಾವಾಸ್ಯೆ ಅಂದರೆ ಮೂರು ತಿಂಗಳು. ನನ್ನ ಪಟ್ಟಿಯಲ್ಲಿ ಇದ್ದದ್ದೂ ಅದೇ. ನಾನು ಪಟ್ಟಿಯನ್ನು ಮಡಚಿ ಜೇಬಿಗೆ ಇಟ್ಟುಕೊಂಡೆ. ಆ ದಾರದ ಮುಂದೆ ಅದನ್ನು ಅಂಟಿಸಲು ನಿಜವಾಗಿಯೂ ಮನಸ್ಸು ಬರಲಿಲ್ಲ.

ಆ ಬಾಡು ಮೊಮ್ಮಗನ ಪಾಲು. ಕುರಿ ಕೊಯ್ದು ಪಾಲು ಹಾಕಿದಾಗ ಊರಲ್ಲಿ ಇಲ್ಲದವನಿಗೂ ಒಂದು ಪಾಲು ತೆಗೆದಿಡುವುದು ಆ ಮನೆಯ ಪದ್ಧತಿ. ಹಿಂದೆ ದಾರಕ್ಕೆ ಪೋಣಿಸಿ ಒಣಗಿಸಿ ಇಡುತ್ತಿದ್ದರು, ಈಗ ಫ್ರೀಜರಿಗೆ ಬಂದಿದೆ. ಅವನು ಬಂದ ದಿನ ಅವನ ಪಾಲು ಮನೆಯಲ್ಲಿ ಇರಲೇಬೇಕು. ಅಜ್ಜಿಗೆ ಇರುವುದು ಅದೊಂದೇ ಹಟ.

ಆದರೆ ಮೂರು ಗಂಟು ಬೀಳುತ್ತಿತ್ತು, ಅವನಿಗೆ ರಜೆ ಸಿಗುತ್ತಿರಲಿಲ್ಲ. ಅಜ್ಜಿ ಮುಖ ಸಪ್ಪಗೆ ಮಾಡಿಕೊಂಡು ಬಾಡು ಬೇಯಿಸಿ ಅಕ್ಕಪಕ್ಕದವರಿಗೆ ಮುದ್ದೆ ಹಾಕಿ ಬಡಿಸುತ್ತಿತ್ತು. ಮುಂದಿನ ಕುರಿಯಲ್ಲಿ ಮತ್ತೆ ಒಂದು ಪಾಲು, ಹೊಸ ದಾರ. ಹೀಗೆ ನಾಲ್ಕು ಸಲ ಆಗಿತ್ತು. ಅದರಲ್ಲಿ ಒಂದು ಸಲ ನಾನೂ ಉಂಡಿದ್ದೆ. ಆ ಸಾರಿನ ರುಚಿ ಹೇಳುವುದಕ್ಕೆ ಹೋಗಬಾರದು, ಬೈಕು ತಾನಾಗಿ ಹಿರಿಯೂರಿನ ಕಡೆ ತಿರುಗುತ್ತದೆ.

ಒಂದು ಬೆಳಿಗ್ಗೆ ಹತ್ತು ಗಂಟೆಗೆ ಫೋನು ಬಂತು. "ಫ್ರಿಜ್ಜು ನಿಂತೋಗೈತೆ, ಬೇಗ ಬಾರಪ್ಪ! ರಜೆ ಸಿಕ್ಕೈತಂತೆ, ಹುಡುಗ ನಾಳೆ ಬತ್ತಾನೆ!" ಅಜ್ಜಿ ಅಳುವುದೊಂದು ಬಾಕಿ. ಎಲ್ಲ ಕೆಲಸ ಬಿಟ್ಟು ಓಡಿದೆ. ಹೋಗಿ ನೋಡಿದರೆ ಫ್ರಿಜ್ಜಿಗೆ ಏನೂ ಆಗಿಲ್ಲ. ಅದರ ಪ್ಲಗ್ಗು ನೆಲದ ಮೇಲೆ, ಆ ಜಾಗದಲ್ಲಿ ಮೊಬೈಲ್ ಚಾರ್ಜರು!

"ಅವನು ಫೋನ್ ಮಾಡಿದಾಗ ಚಾರ್ಜು ಇಲ್ದಿದ್ರೆ ಹೆಂಗಪ್ಪ ಅಂತ ಮುಂಜಾನೆ ಹಾಕಿದ್ದೆ. ಖುಷಿಯಾಗೆ ಮರ್ತೇ ಬಿಟ್ಟೆ."

ಚೀಲ ಮುಟ್ಟಿ ನೋಡಿದೆ. ಹೊರಗೆ ಮೆತ್ತಗಾಗಿತ್ತು, ನಡುವೆ ಇನ್ನೂ ಮಂಜುಗಡ್ಡೆ ಇತ್ತು. "ಕೆಟ್ಟಿಲ್ಲ ಅಜ್ಜಿ. ಮತ್ತೆ ಗಟ್ಟಿ ಮಾಡಿ ರುಚಿ ಯಾಕೆ ಕಳೀತೀಯ? ಈಗಲೇ ಬೇಯಿಸಿಬಿಡು. ಆರಿದ ಕೂಡಲೆ ಸಾರು ಫ್ರಿಜ್ಜಲ್ಲಿಟ್ಟು, ನಾಳೆ ಚೆನ್ನಾಗಿ ಕುದಿಸಿ ಬಡಿಸು" ಅಂದೆ. ಅಜ್ಜಿಯ ಮುಖಕ್ಕೆ ಜೀವ ಬಂತು. ಒಲೆ ಹತ್ತಿತು, ಮಸಾಲೆ ಬಿತ್ತು, ವಾಸನೆ ಹಟ್ಟಿಯೆಲ್ಲ ಹರಡಿತು.

ತೊಂದರೆ ಶುರುವಾದದ್ದು ಆಗ. ಅಜ್ಜಿಯ ಮನೆಯಿಂದ ಆ ವಾಸನೆ ಬಂತೆಂದರೆ ಮೊಮ್ಮಗನ ರಜೆ ರದ್ದಾಗಿದೆ ಅಂತಲೇ ಲೆಕ್ಕ. ಹತ್ತು ನಿಮಿಷದಲ್ಲಿ ಒಬ್ಬೊಬ್ಬರೇ ಮುಖ ಸಣ್ಣ ಮಾಡಿಕೊಂಡು, ಕೈಯಲ್ಲಿ ತಟ್ಟೆ ಹಿಡಿದುಕೊಂಡು ಬಂದು ಕೂತರು. ಪಕ್ಕದ ಮನೆಯ ಗೌಡಪ್ಪ ಎಲ್ಲರಿಗಿಂತ ಮುಂದೆ. "ಹೋಗ್ಲಿ ಬಿಡಬೇ, ಮನಸಿಗೆ ಹಚ್ಕಬ್ಯಾಡ. ಅವನಿಗೆ ದೇಶ ಮುಖ್ಯ. ಎಲ್ಲಿ, ಮುದ್ದೆ ಆತಾ?"

ಅಜ್ಜಿ ಸೌಟು ಎತ್ತಿಕೊಂಡು, "ಎದ್ದೇಳ್ರಿ ಎಲ್ಲ! ಇದು ಅವನ ಪಾಲು! ಅವನು ನಾಳೆ ಬತ್ತಾನೆ!" ಅಂತ ಕೂಗಿತು. ಒಬ್ಬರೂ ಏಳಲಿಲ್ಲ. ನಾಲ್ಕು ಸಲವೂ ಅಜ್ಜಿ ಹೀಗೇ ನಾಳೆ ಬರುತ್ತಾನೆ ಅಂದಿತ್ತು.

ಅಷ್ಟರಲ್ಲಿ ಬಾಗಿಲಲ್ಲಿ ಒಂದು ದೊಡ್ಡ ಬ್ಯಾಗು, ಅದರ ಹಿಂದೆ ಮೊಮ್ಮಗ. ಬೇಗ ರೈಲು ಸಿಕ್ಕಿ ಒಂದು ದಿನ ಮೊದಲೇ ಬಂದುಬಿಟ್ಟಿದ್ದ. ಅಜ್ಜಿ ಸೌಟು ಕೈಬಿಟ್ಟು ಅಲ್ಲೇ ಕೂತುಬಿಟ್ಟಿತು. ಗೌಡಪ್ಪನ ಬಾಯಿಂದ ತಡೆಯಲಾರದೆ ಬಂದದ್ದು ಒಂದೇ ಮಾತು: "ಅಯ್ಯೋ, ಬಂದೇ ಬಿಟ್ಯೇನಪ್ಪ!"

ಅವನು ಪಾತ್ರೆ ನೋಡಿದ, ತಟ್ಟೆಗಳನ್ನು ನೋಡಿದ, ಎಲ್ಲ ಅರ್ಥವಾಯಿತು. "ಅದಕ್ಕೇನು ಕಾಕ ನೀನು ತಿಂಗಳಾ ತಿಂಗಳಾ ಫೋನ್ ಮಾಡಿ ರಜೆ ಸಿಗಲಿಲ್ಲ ತಾನೆ ಅಂತ ವಿಚಾರಿಸ್ತಿದ್ದುದು!"

ಬಾಡು ಬೆಂದ ಮೇಲೆ ಅಜ್ಜಿ ಮೊದಲ ತಟ್ಟೆ ಅವನಿಗೆ ಬಡಿಸಿತು. ಅವನ ಪಾಲು ಅವನ ಬಾಯಿಗೇ ಹೋಯಿತು. ಅವನು ಮೊದಲ ತುತ್ತು ನುಂಗುವವರೆಗೆ ಅಜ್ಜಿ ಕಣ್ಣು ಮಿಟುಕಿಸಲಿಲ್ಲ. ಆಮೇಲೆ ಅವನೇ ಸೌಟು ಇಸಿದುಕೊಂಡು ಉಳಿದದ್ದನ್ನು ಎಲ್ಲರಿಗೂ ಬಡಿಸಿದ. ನನಗೂ ಎರಡು ತುಂಡು ಬಂತು.

ಗೌಡಪ್ಪ ತಟ್ಟೆ ನೆಕ್ಕಿ, ಕೈ ತೊಳೆದು, ಅವನ ಹೆಗಲ ಮೇಲೆ ಪ್ರೀತಿಯಿಂದ ಕೈ ಹಾಕಿದ.

"ಅಂತೂ ಬಂದ್ಯಲ್ಲಪ್ಪ, ಬಾಳ ಸಂತೋಷ. ಮತ್ತೆ ತಿರುಗ ಹೊರಡೋದು ಯಾವತ್ತು?"